ಮೇಷ್ಟ್ರ ರೇಷ್ಮೆ ಜುಬ್ಬಾ

ಹೇಳಿದ್ದೆ, ಬಾಯಿ ನೋಯುವಷ್ಟು ಹೇಳಿದ್ದೆ: ನನ್ನ ಗುರು ಹರಿಹರ ಮೇಷ್ಟ್ರಿಗೆ ರೇಷ್ಮೆ ಜುಬ್ಬಾ ಬೇಡ. ಕೊಪ್ಪದ ಸಭಾಭವನದಲ್ಲಿ ಅವರಿಗೆ ಸನ್ಮಾನ, ಆಮೇಲೆ ಅರ್ಧ ಗಂಟೆ ಪಿಟೀಲು. ಎಂಬತ್ತೊಂದು ವರ್ಷ. ಎರಡು ವರ್ಷದಿಂದ ವೇದಿಕೆ ಹತ್ತಿರಲಿಲ್ಲ. "ಇನ್ನೂ ಆಗ್ತದೋ ಇಲ್ವೋ, ಅವತ್ತೇ ಗೊತ್ತಾಗ್ಲಿ" ಎಂದಿದ್ದರು. ಅವರ ಮಗಳು ಶ್ರೀವಾಣಿ ನನ್ನ ಮಾತು ಕೇಳಬೇಕಲ್ಲ! "ಫೋಟೋ ತೆಗೀತಾರೆ ಯಜ್ಞೇಶಣ್ಣ, ಬರಿ ಮೈಯಲ್ಲಿ ಕೂರೋದಾ?" ಎಂದು ಜುಬ್ಬಾ ಹೊಲಿಸಿಯೇ ಬಿಟ್ಟಳು.

ಅವಳಿಗೇನು ಗೊತ್ತು? ನಲವತ್ತು ವರ್ಷದ ಹಿಂದೆ ಅಡ್ಡಗದ್ದೆಯ ಅವರ ಜಗಲಿಯಲ್ಲಿ ಪಾಠದ ಮೊದಲ ಮಾತೇ "ಅಂಗಿ ಬಿಚ್ಚು ಮಾಣಿ". ಶೃಂಗೇರಿಯಲ್ಲಿ ದೇವರ ಮುಂದೆ ಅಂಗಿ ತೆಗೆದು ಕೂತು ನುಡಿಸಿ ಬೆಳೆದವರು ಅವರು. ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು, ಬುಡವನ್ನು ಬರಿ ಎದೆಗೆ ಒತ್ತಿದರೆ ಅದು ಚರ್ಮಕ್ಕೆ ಕಚ್ಚಿ ಕೂರುತ್ತದೆ. ಆಗ ಎಡಗೈ ತಂತಿಯ ಮೇಲೆ ಎಷ್ಟು ಬೇಕಾದರೂ ಓಡಾಡಬಹುದು. ಮಾಗಿಯ ಬೆಳಗಿನಲ್ಲಿ ಗಡಗಡ ನಡುಗುತ್ತ ಕಲಿತೆ. ನಡುವೆ ಮೇಷ್ಟ್ರ ಮನೆಯ ಅಮ್ಮನವರು ಬಿಸಿ ಕಷಾಯ ತಂದಿಡುತ್ತಿದ್ದರು. ಎಂಥ ದಿನಗಳು ಅವು! ಈಗ ನರಸಿಂಹರಾಜಪುರದಲ್ಲಿ ನನ್ನ ಹತ್ತಿರ ಕಲಿಯುವವರು ಟೀ ಶರ್ಟಿನಲ್ಲಿ ಬರುತ್ತಾರೆ, ನಾನೂ ಸುಮ್ಮನಿರುತ್ತೇನೆ.

ಕೊಪ್ಪದಲ್ಲಿ ಸನ್ಮಾನ ಮುಗಿಯಿತು. ಮೇಷ್ಟ್ರು ಜುಬ್ಬಾ ತೊಟ್ಟೇ ತೋಡಿ ರಾಗ ಎತ್ತಿಕೊಂಡರು. ಮೇಲಿನ ಷಡ್ಜದಿಂದ ಇಳಿಯುವಾಗ ಪಿಟೀಲು ರೇಷ್ಮೆಯ ಮೇಲೆ ಸರ್ರನೆ ಜಾರಿತು, ಸ್ವರ ಕೆಟ್ಟಿತು. ಮತ್ತೊಮ್ಮೆ ಹಾಗೇ ಆಯಿತು. ಮುಂದಿನ ಸಾಲಿನಲ್ಲಿ ಯಾರೋ "ಪಾಪ, ವಯಸ್ಸಾಯ್ತು" ಎಂದರು. ಪಕ್ಕದಲ್ಲಿ ನನ್ನ ಪಿಟೀಲು ಹಿಡಿದು ಕೂತಿದ್ದ ನನಗೆ ಮೈಯೆಲ್ಲ ಉರಿಯಿತು.

"ವಯಸ್ಸಲ್ಲ ಕಣ್ರೀ, ಜುಬ್ಬಾ!" ಎಂದು ಮೈಕಿನಲ್ಲೇ ಕೂಗಿ, ಮೇಷ್ಟ್ರ ಗುಂಡಿ ಬಿಚ್ಚಿ ಜುಬ್ಬಾ ಕಳಚಿದೆ. ಸಭೆ ಗೊಳ್ಳೆಂದಿತು. ಶ್ರೀವಾಣಿ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ.

ಬರಿ ಎದೆಗೆ ಪಿಟೀಲು ಗಟ್ಟಿಯಾಗಿ ಕೂತಿತು. ಮೇಷ್ಟ್ರು ಮತ್ತೆ ಮೇಲಿನಿಂದ ಇಳಿದರು. ಪಿಟೀಲು ಒಂದಿಷ್ಟೂ ಅಲ್ಲಾಡಲಿಲ್ಲ, ಆದರೂ ಸ್ವರ ತಪ್ಪಿತು. ಅವರ ಉಂಗುರಬೆರಳು ತಂತಿಯ ಮೇಲೆ ನಡುಗುತ್ತಿತ್ತು.

"ಅಂಗಿದು ಎಂತ ತಪ್ಪೂ ಇಲ್ಲ ಮಾರಾಯ" ಎಂದರು ಮೆಲ್ಲಗೆ. "ನೀ ನುಡಿಸು. ನಾ ಕೇಳ್ತೆ."

ನುಡಿಸಿದೆ. ಒಂದು ಅಪಸ್ವರವನ್ನೂ ಸುಮ್ಮನೆ ಬಿಟ್ಟ ಮನುಷ್ಯನಲ್ಲ ಅವರು. ಹೋದ ತಿಂಗಳೂ ಫೋನಿನಲ್ಲೇ ನನಗೆ ಉಗಿದಿದ್ದರು. ಬೇಕೆಂದೇ ಗಾಂಧಾರ ಕೆಡಿಸಿದೆ. ಬೈಯಲಿ ಎಂದು ಕಾದೆ. ಇನ್ನೊಮ್ಮೆ ಕೆಡಿಸಿದೆ.

ಮೇಷ್ಟ್ರು ಸನ್ಮಾನದ ಶಾಲು ಹೊದ್ದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ಭೇಷ್" ಎಂದರು.