ಮೂಲೆಮಟ್ಟದ ಮಾವ ಮತ್ತು ಡೊಂಕು ಸ್ಪ್ರಿಂಗು

ನಮ್ಮ ಸೋದರತ್ತೆಯ ಗಂಡನಿಗೆ ಕತ್ತು ತಿರುಗಿಸುವ ಅಭ್ಯಾಸವೇ ಇರಲಿಲ್ಲ. ಪಕ್ಕದಿಂದ ಯಾರಾದರೂ ಕರೆದರೆ ನಡೆಯುತ್ತಿದ್ದವರು ನಿಂತು, ಎರಡೂ ಪಾದ ಜೋಡಿಸಿ, ಬಾಗಿಲು ತೆರೆದುಕೊಂಡಂತೆ ಇಡೀ ದೇಹವನ್ನೇ ಅತ್ತ ತಿರುಗಿಸಿ, ಆಮೇಲೆ ಏನೆಂದು ಕೇಳುತ್ತಿದ್ದರು. ಪಾಪ, ಬೆನ್ನುನೋವಿರಬೇಕು ಎಂದು ಹೊಸಬರು ಮರುಗಿದರೆ, ನೋವೂ ಇಲ್ಲ ಗೀವೂ ಇಲ್ಲ, ನೆಟ್ಟಗಿರಬೇಕೆಂಬ ಹಟ ಅಷ್ಟೇ ಎಂದು ಅತ್ತೆ ನಗುತ್ತಿದ್ದರು.

ಬೇಸಿಗೆ ಚಳಿ ಎನ್ನದೆ ಅವರು ತೊಡುತ್ತಿದ್ದ ಬೂದು ಕೋಟಿನ ಬಲಜೇಬು ಸದಾ ಹರಿದಿರುತ್ತಿತ್ತು. ಅದರೊಳಗೆ ಅಂಗೈಯಗಲದ ಉಕ್ಕಿನ ಮೂಲೆಮಟ್ಟ ಒಂದು ಮನೆಮಾಡಿಕೊಂಡಿತ್ತು. ಗೋಡೆ, ಚೌಕಟ್ಟು ನೆಟ್ಟಗಿವೆಯೇ ಎಂದು ನೋಡಲು ಬಡಗಿಗಳು ಹಿಡಿಯುತ್ತಾರಲ್ಲ, ಅದೇ. ಅತ್ತೆ ಎಷ್ಟು ಹೊಲಿದರೂ ಅದರ ಚೂಪು ಮೂಲೆ ಬಟ್ಟೆಯನ್ನು ತೂರಿ ಹೊರಗೆ ಇಣುಕುತ್ತಿತ್ತು. ಯಾರ ಮನೆಗೆ ಹೋದರೂ ಮಾವನ ಕಣ್ಣು ಮೊದಲು ಹೋಗುತ್ತಿದ್ದುದು ಗೋಡೆಯ ಪಟಗಳ ಮೇಲೆ. ನೆಂಟರು ಕುಶಲ ವಿಚಾರಿಸುವಷ್ಟರಲ್ಲಿ ಇವರು ಕುರ್ಚಿ ಹತ್ತಿ ಯಾರದೋ ತಾತನ ಪಟವನ್ನು ಸರಿಪಡಿಸುತ್ತಿರುತ್ತಿದ್ದರು. ಹೀಗಾಗಿ ನಮ್ಮ ಬಳಗದಲ್ಲೆಲ್ಲ ಅವರು ಮೂಲೆಮಟ್ಟದ ಮಾವ. ಮಾತು ಶುರು ಮಾಡುವಾಗ "ನೆಟ್ಟಗೆ ಹೇಳೋದಾದ್ರೆ" ಎನ್ನುವುದು ಅವರ ರೂಢಿ. ಹಾಗೆಂದ ಮೇಲೆ ಊರೆಲ್ಲ ಸುತ್ತಿ ಬಂದು ವಿಷಯಕ್ಕೆ ಸೇರುವುದೂ ಅವರದೇ ರೂಢಿ.

ಅವರ ಉದ್ಯೋಗವೂ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಕಾರುಗಳಿಗೆ ಸ್ಪ್ರಿಂಗು ಸುತ್ತುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ತಪಾಸಣೆಯ ಮೇಸ್ತ್ರಿ. ಕಿಟಕಿಯ ಪಕ್ಕದ ಕಲ್ಲಿನ ಚಪ್ಪಡಿಯ ಮೇಲೆ ಒಂದೊಂದೇ ಸ್ಪ್ರಿಂಗನ್ನು ನಿಲ್ಲಿಸಿ, ಪಕ್ಕಕ್ಕೆ ಮೂಲೆಮಟ್ಟ ಹಿಡಿದು, ತೋರುಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ, ಉಕ್ಕಿಗೂ ಉಕ್ಕಿಗೂ ನಡುವೆ ನುಸುಳುವ ಬೆಳಕಿನ ಗೆರೆಯನ್ನೇ ನೋಡುತ್ತಿದ್ದರು. ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದರೆ ಸರಿ, ಇಲ್ಲವಾದರೆ ಸ್ಪ್ರಿಂಗು ಗುಜರಿ ರಾಶಿಗೆ. ವಿಚಿತ್ರ ಆಕಾರಗಳ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. ನಡು ಉಬ್ಬಿ ಎರಡೂ ತುದಿ ಸಣ್ಣಗಿರುವ ಸ್ಪ್ರಿಂಗುಗಳು ಮೊದಲ ಸಲ ಬಂದಾಗ ಹುಡುಗರೆಲ್ಲ ಮುಸಿಮುಸಿ ನಕ್ಕರೆ, ಮಾವ ಅದನ್ನು ಪ್ರೆಸ್ಸಿಗೆ ಕೊಟ್ಟು ಅದುಮಿಸಿ, ಸುರುಳಿಗಳು ಒಂದರೊಳಗೊಂದು ಕುಳಿತು ಬಿಲ್ಲೆಯಷ್ಟು ಗಿಡ್ಡವಾಗುವುದನ್ನು ಕಣ್ತುಂಬ ನೋಡಿದ್ದರಂತೆ. ಕಾರಿನಡಿ ಜಾಗ ಕಮ್ಮಿ ಇರುವ ಕಡೆ ಅಂಥದ್ದೇ ಬೇಕು. ಹೊರೆ ಕಡಿಮೆಯಿದ್ದಾಗ ಮೆತ್ತಗೆ, ಹೆಚ್ಚಿದಂತೆ ಬಿಗಿ. "ಹೊಟ್ಟೆ ಬಂದಿದ್ರೂ ನೆಟ್ಟಗೆ ನಿಂತಿದೆ, ಸಂಸಾರಸ್ಥ" ಎಂದು ಅದನ್ನು ಪಾಸು ಮಾಡಿದ್ದರು.

ಆ ಕಾರ್ಖಾನೆಯಲ್ಲಿ ಸ್ಪ್ರಿಂಗು ಸುತ್ತುತ್ತಿದ್ದವನು ನಮ್ಮಪ್ಪ, ಎಂದರೆ ಅತ್ತೆಯ ತಮ್ಮ. ಭಾವನ ಮಾತಿನ ಮೇಲೆ ಸೇರಿಕೊಂಡವನು. ಕೈಚಳಕ ಬೇಕಾದಷ್ಟಿತ್ತು, ತಾಳ್ಮೆ ಮಾತ್ರ ಅಷ್ಟಕ್ಕಷ್ಟೇ. ಒಮ್ಮೆ ಅವಸರ ಮಾಡಿ ಒಳ್ಳೆಯ ತಂತಿಯ ದೊಡ್ಡ ಸುರುಳಿಯೊಂದನ್ನು ಪೂರ್ತಿ ಕೆಡಿಸಿಟ್ಟಾಗ, ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆಂದು ಮಾಲೀಕರು ಭಾವನ ಎದುರೇ ಹೇಳಿದ್ದರು. ಅಂದಿನಿಂದ ಮಾವನಿಗೆ ಒಳಗೊಳಗೇ ಪುಕಪುಕ. ಆದರೂ ಅಪ್ಪ ಸುತ್ತಿದ ಸ್ಪ್ರಿಂಗು ಒಂದು ಕೂದಲೆಳೆ ವಾಲಿದ್ದರೂ ಅವರು ಪಾಸು ಮಾಡುತ್ತಿರಲಿಲ್ಲ. ಗುಜರಿಗೆ ಎಸೆದು, ಸಂಜೆ ಮನೆಗೆ ಬಂದು, ಭಾವಮೈದುನನಿಗೆ ತಾವೇ ಚಹಾ ಸೋಸಿ ಕೊಡುತ್ತಿದ್ದರು.

ಮಾವನ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾದದ್ದು ಆಮೇಲೆ. ಕಾರ್ಖಾನೆಯ ಸುದ್ದಿ ಕಿವಿಗೆ ಬಿದ್ದರೆ ಈ ಮನುಷ್ಯ ಪಟ್ಟಿ ಕಿತ್ತೆಸೆದು ಹೊರಟೇಬಿಡುತ್ತಾರೆಂದು ಹೆದರಿದ ಅತ್ತೆ, ಕೆಲಸದ ಮಾತು ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಅಪ್ಪ ಬಂದರೂ ಹವಾಮಾನದ ಬಗ್ಗೆ ಮಾತಾಡಿ ಎದ್ದುಹೋಗುತ್ತಿದ್ದ. ಹೊಸ ಬಗೆಯ ಸ್ಪ್ರಿಂಗಿಗೆ ದೊಡ್ಡ ಕಾರು ಕಂಪನಿಯೊಂದರಿಂದ ಕೇಳಿಕೆ ಬಂದದ್ದು, ಅದನ್ನು ಮಾಡಿ ತೋರಿಸುತ್ತೇನೆಂದು ಅಪ್ಪ ಮಾಲೀಕರಿಗೆ ಮಾತು ಕೊಟ್ಟದ್ದು, ವಾರಗಟ್ಟಲೆ ಒದ್ದಾಡಿ ಕೊನೆಗೂ ಮಾದರಿಗೆಂದು ಕೆಲವನ್ನು ಸುತ್ತಿ ಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸಿದ್ದು, ಇದೊಂದೂ ಮಾವನಿಗೆ ಗೊತ್ತಾಗಲಿಲ್ಲ.

ಮರುದಿನ ಕೆಲಸಕ್ಕೆ ಹಾಜರಾಗಬೇಕಿದ್ದ ಮಾವ ತಡೆಯಲಾರದೆ ಕಾರ್ಖಾನೆಗೆ ರಜೆಯಿದ್ದ ದಿನವೇ ಅಲ್ಲಿಗೆ ಹೋದರು. ಕಾವಲುಗಾರ ಬಾಗಿಲು ತೆರೆದ. ಚಪ್ಪಡಿಯ ಮೇಲೆ ಹೊದಿಸಿದ್ದ ಬಟ್ಟೆ ಎತ್ತಿ ನೋಡಿದರೆ, ಸ್ಪ್ರಿಂಗುಗಳೆಲ್ಲ ಬಾಳೆಹಣ್ಣಿನ ಹಾಗೆ ಒಂದು ಪಕ್ಕಕ್ಕೆ ಬಾಗಿದ್ದವು. ಹೊಸ ಕಣ್ಣೇ ಸರಿಯಿಲ್ಲವೆಂದು ಮಾವ ಮೊದಲು ವೈದ್ಯರನ್ನು ಬೈದುಕೊಂಡರಂತೆ. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಮೂಲೆಮಟ್ಟ ಹಿಡಿದರೆ ಬೆರಳು ತೂರುವಷ್ಟು ಬೆಳಕು. ಸುತ್ತಿದ ಕೈ ಯಾರದೆಂಬುದು ತಂತಿಯ ತುದಿ ಕತ್ತರಿಸಿದ ರೀತಿಯಲ್ಲೇ ತಿಳಿಯಿತು. ಮಾವ ಕೋಟು ಕಳಚಿದರು. ಬಾಗಿದ ಪಕ್ಕಕ್ಕೆ ಬೆಣೆ ಕೊಟ್ಟು, ಪ್ರೆಸ್ಸಿನಲ್ಲಿ ಅದುಮಿ, ತೆಗೆದು ನೋಡಿ, ಮತ್ತೆ ಅದುಮಿ, ಹೊತ್ತು ಇಳಿಯುವವರೆಗೆ ಒಬ್ಬರೇ ಬೆವರು ಸುರಿಸಿ ಪ್ರತಿಯೊಂದನ್ನೂ ನೆಟ್ಟಗೆ ಮಾಡಿ, ಇದ್ದಲ್ಲೇ ಇಟ್ಟು, ಮೊದಲಿನಂತೆ ಬಟ್ಟೆ ಹೊದಿಸಿ ಬಂದರು. ತಪ್ಪನ್ನು ಪಾಸು ಮಾಡಲಿಲ್ಲ, ಸರಿಪಡಿಸಿದೆ ಎಂಬ ಸಮಾಧಾನ ಬೇರೆ.

ಬೆಳಿಗ್ಗೆ ಕಂಪನಿಯವರು ಬಂದರು. ಮಾಲೀಕರು ಹೆಮ್ಮೆಯಿಂದ ಚಪ್ಪಡಿಯ ಮೇಲಿನ ಬಟ್ಟೆ ಸರಿಸಿದರೆ, ಎಲ್ಲ ಪೇಟೆಯಲ್ಲೂ ಸಿಗುವಂಥ ನೆಟ್ಟನೆಯ ಸ್ಪ್ರಿಂಗುಗಳು. ಬಂದವರು ಮುಖ ಮುಖ ನೋಡಿಕೊಂಡು ಚೀಲ ಎತ್ತಿಕೊಂಡರು. ಇದೇನು ಹುಡುಗಾಟವೆಂದು ಮಾಲೀಕರು ಅಪ್ಪನ ಕಡೆ ತಿರುಗಿದರು. ಅಪ್ಪ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದ; ತಾನೇ ಬಾಗಿಸಿದ ಉಕ್ಕು ತನ್ನೆದುರೇ ನೆಟ್ಟಗೆ ನಿಂತಿತ್ತು. ಇನ್ನೊಂದು ಸಲ ಎಂದು ಮಾಲೀಕರು ಹಿಂದೆ ಹೇಳಿದ್ದ ಆ ಸಲ ಇದೇ ಎಂದು ಅವನಿಗನ್ನಿಸಿತ್ತಂತೆ. ಮಾವ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಮುಂದೆ ಬಂದು, ಪಾದ ಜೋಡಿಸಿ, ಎಲ್ಲರ ಕಡೆಗೂ ತಿರುಗಿ ನಿಂತರು.

"ಇವನು ಡೊಂಕಾಗೇ ಮಾಡಿದ್ದ. ನೆಟ್ಟಗೆ ಮಾಡಿದ್ದು ನಾನು. ತಪ್ಪು ಅಂದ್ಕೊಂಡೆ."

ಆ ಒಂದು ದಿನ ಅವರು ಸುತ್ತಿ ಬಳಸದೆ ಮಾತಾಡಿದರು ಎಂದು ಅಪ್ಪ ಹೇಳುವುದುಂಟು. ಕಂಪನಿಯವರಲ್ಲಿ ಹಿರಿಯನೊಬ್ಬ ನಕ್ಕು, ಚೀಲ ಕೆಳಗಿಟ್ಟು, ಹೊಸದಾಗಿ ಸುತ್ತಲು ಒಂದು ವಾರ ಕೊಟ್ಟ. ಆ ವಾರವೇ ಅಪ್ಪ ಭಾವನನ್ನು ಪ್ರೆಸ್ಸಿನ ಮುಂದೆ ಕೂರಿಸಿಕೊಂಡು ಮರ್ಮ ಬಿಡಿಸಿ ಹೇಳಿದ್ದು. ಮುಂದಿನ ಚಕ್ರದ ಮೇಲಿನ ಸ್ಪ್ರಿಂಗಿನ ನಡುವೆ ಶಾಕ್ ಅಬ್ಸಾರ್ಬರಿನ ಕೊಳವೆ ಇರುತ್ತದೆ, ಅದರೊಳಗೆ ಜಾರುವ ಒಂದು ಸರಳು. ಚಕ್ರ ಸರಳಿನ ನೇರಕ್ಕಿಲ್ಲದೆ ಒಂದು ಪಕ್ಕದಲ್ಲಿರುವುದರಿಂದ, ಕಾರಿನ ಭಾರ ಸರಳನ್ನು ಬಗ್ಗಿಸಲು ನೋಡುತ್ತದೆ; ಅದು ಕೊಳವೆಗೆ ಉಜ್ಜಿ ಉಜ್ಜಿ ಸವೆದು, ಸಣ್ಣ ಹಳ್ಳಕ್ಕೂ ಕಾರು ಕುಕ್ಕುತ್ತದೆ. ಬಾಗಿದ ಸ್ಪ್ರಿಂಗು ಆ ಸರಳನ್ನು ಎದುರು ಪಕ್ಕಕ್ಕೆ ತಳ್ಳಿ ಹಿಡಿಯುತ್ತದೆ.

"ಹೊರೆ ಬಿದ್ರೆ ಇದೂ ನೆಟ್ಟಗೇ ನಿಲ್ಲತ್ತೆ, ಭಾವ. ಆದ್ರೆ ಒಳಗೆ ತನ್ನ ಡೊಂಕಿಗೆ ಹೋಗ್ಬೇಕು ಅಂತಾನೇ ಒದ್ದಾಡ್ತಿರತ್ತೆ. ಆ ಒದ್ದಾಟಾನೇ ಕೆಲಸ ಮಾಡೋದು."

ಮಾವ ಬಹಳ ಹೊತ್ತು ಅದನ್ನೇ ಅದುಮಿ ಬಿಟ್ಟು ನೋಡಿದರು. ಮುಂದಿನ ತಿಂಗಳಿನಿಂದ ಮರದ ಬಾಗಿದ ಅಚ್ಚೊಂದನ್ನು ಮಾಡಿಸಿಕೊಂಡು, ಡೊಂಕು ಸಾಲದೆಂದು ಸ್ಪ್ರಿಂಗುಗಳನ್ನು ಮೊದಲಿನಷ್ಟೇ ನಿರ್ದಯವಾಗಿ ಗುಜರಿಗೆ ಎಸೆಯತೊಡಗಿದಾಗ, ಹುಡುಗರು ತಲೆ ಚಚ್ಚಿಕೊಂಡರು.

ಮಾವ ಹೋಗಿ ಈಗ ಬಹಳ ವರ್ಷಗಳಾದವು. ಆ ಕಿಟಕಿಯ ಪಕ್ಕದಲ್ಲಿ ತಪಾಸಣೆಯ ಯಂತ್ರ ಬಂತು, ಅಪ್ಪನೂ ಕೆಲಸದಿಂದ ನಿವೃತ್ತನಾದ. ಯಂತ್ರ ಒಳ್ಳೆಯದಲ್ಲವೇ ಎಂದು ಒಮ್ಮೆ ಕೇಳಿದೆ. ಒಳ್ಳೆಯದೇ ಎಂದ. ಆಮೇಲೆ, "ತಪ್ಪು ಹಿಡಿಯೋರಿಗೇನು, ಬೇಕಾದಷ್ಟು ಜನ ಸಿಗ್ತಾರೆ. ನನ್ನ ತಪ್ಪು ಸರಿಮಾಡೋಕೆ ಅಂತ ರಜಾ ದಿನ ಬಂದು ಬೆವರು ಸುರಿಸಿದೋರು ಅವರೊಬ್ರೇ" ಎಂದ. ಕಣ್ಣು ತುಂಬಿತ್ತು.

ಇಂಥವರೊಡನೆ ಬಾಳುವುದು ಸುಲಭವಲ್ಲ. ಕೇಳಿ ಮಾಡುವ ಅಭ್ಯಾಸ ಅವರ ಪ್ರೀತಿಗೆ ಇರುವುದಿಲ್ಲ. ನಾವು ಕಷ್ಟಪಟ್ಟು ಮಾಡಿದ್ದನ್ನು ನಮ್ಮ ಒಳ್ಳೆಯದಕ್ಕೆಂದೇ ಕೆಡಿಸಿಟ್ಟು ಹೋಗುತ್ತಾರೆ. ಆದರೆ ತಪ್ಪು ತಮ್ಮದೆಂದು ತಿಳಿದ ಗಳಿಗೆಯಲ್ಲಿ, ಜೀವಮಾನವೆಲ್ಲ ಕಾಪಾಡಿಕೊಂಡ ತಮ್ಮ ಮಾನವನ್ನು ನಮ್ಮ ಮಾನಕ್ಕಾಗಿ ನಾಲ್ಕು ಜನರೆದುರು ಕಳೆದುಕೊಳ್ಳಲು ಅವರು ಹಿಂದೆಮುಂದೆ ನೋಡುವುದಿಲ್ಲ. ನಮ್ಮ ತಂಟೆಗೇ ಬಾರದ ಸಭ್ಯರು ಸುತ್ತ ತುಂಬಿಕೊಂಡ ಮೇಲೆಯೇ, ಅವರ ಕಾಟ ಎಷ್ಟು ದೊಡ್ಡ ಆಸರೆಯಾಗಿತ್ತೆಂದು ನಮಗೆ ಗೊತ್ತಾಗುವುದು.