ಕೌದಿಯ ಹೊಟ್ಟೆ

ಡಿಸೆಂಬರಿನ ಆ ಆಲಿಕಲ್ಲು ಮಳೆ ಆಸ್ಟ್ರೇಲಿಯಾದ ಟೂಂಗಾಬಿಯ ಮೇಲೆ ಬಹಳ ಹೊತ್ತೇನೂ ಸುರಿಯಲಿಲ್ಲ. ಅಷ್ಟರಲ್ಲೇ ನೀಲಾಂಬಿಕಾಳ ಮನೆಯ ಹಳೇ ಸಿಮೆಂಟ್ ಶೀಟುಗಳು ಹಪ್ಪಳದ ಹಾಗೆ ಮುರಿದು ಮಗಳು ಚಿನ್ಮಯಿಯ ಹಾಸಿಗೆ ಮೇಲೆ ಬಿದ್ದಿದ್ದವು. ಪುಣ್ಯಕ್ಕೆ ಮಗು ಅಡುಗೆಮನೆಯಲ್ಲಿತ್ತು.

ಬರೀ ನೆಂದಿದ್ದರೆ ಒಣಗಿಸಬಹುದಿತ್ತು. ಆದರೆ ನೋಡಲು ಬಂದ ಕೌನ್ಸಿಲ್ಲಿನವನು ಮಾಸ್ಕ್ ಏರಿಸಿಕೊಂಡು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಶೀಟಿನಲ್ಲಿ ಆಸ್ಬೆಸ್ಟಾಸ್ ಇದೆ, ಒಡೆದರೆ ಅದರ ಎಳೆ ಕಣ್ಣಿಗೆ ಕಾಣದೆ ಬಟ್ಟೆಯಲ್ಲಿ ಕೂರುತ್ತದೆ, ಉಸಿರಿನೊಳಗೆ ಹೋದರೆ ಎಷ್ಟೋ ವರ್ಷದ ಮೇಲೆ ಶ್ವಾಸಕೋಶ ತಿನ್ನುತ್ತದೆ ಎಂದ. ಆ ಕೋಣೆಯ ಬಟ್ಟೆಬರೆಯನ್ನೆಲ್ಲ ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಟಿಪ್‌ಗೆ, ಊರಾಚೆಯ ಕಸದ ಗುಂಡಿಗೆ, ಒಯ್ಯಬೇಕು. ಬೇರೆ ದಿನವಾಗಿದ್ದರೆ ಅದಕ್ಕೆ ಕೈ ಸುಡುವಷ್ಟು ಫೀಸು. ಆಲಿಕಲ್ಲಿಗೆ ಸಿಕ್ಕ ಮನೆಯವರಿಗೂ ಸಂಘ ಸಂಸ್ಥೆಗಳಿಗೂ ಈ ಶನಿವಾರದ ತನಕ ಮಾಫಿ.

"ಅಷ್ಟಾದ್ರೂ ದೊಡ್ಡ ಮನಸ್ ಮಾಡ್ಯಾರ್ ನೋಡು," ಎಂದ ಗಂಡ ಗುರುದತ್ತ.

ನೀಲಾಂಬಿಕಾಳಿಗೆ ಅದು ಕೇಳಿಸಲಿಲ್ಲ. ಅವಳ ಕಣ್ಣು ಮಗಳ ಹಾಸಿಗೆಯಲ್ಲಿದ್ದ ಕೌದಿಯ ಮೇಲಿತ್ತು.

ಅವಳ ತಾಯಿ ಮಲ್ಲವ್ವ ಮಗಳ ಬಾಣಂತನಕ್ಕೆಂದು ಬಾಗಲಕೋಟೆಯಿಂದ ಬಂದವಳು. ಬಂದಿಳಿದ ದಿನವೇ ಮಾಡು ನೋಡಿ ನಕ್ಕಿದ್ದಳು. "ಏ, ನಮ್ಮ ಸಾಲಿ ಮ್ಯಾಲಿನ ಶೀಟ ಇಲ್ಲೂ ಅದಾವಲ್ಲೇ! ನಾ ಆಸ್ಟ್ರೇಲಿಯಾ ಅಂದ್ರ ಏನೋ ಅನ್ಕೊಂಡಿದ್ದೆ." ಅದೇ ಶೀಟಿನ ಕೆಳಗೆ ಕೂತು, ತನ್ನ ಹಳೇ ಇಳಕಲ್ ಸೀರೆ, ತೀರಿಹೋದ ಗಂಡನ ಧೋತರ ಕತ್ತರಿಸಿ ಕೂಸಿಗೆ ಕೌದಿ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಜೋಳದ ರೊಟ್ಟಿ ಒಳಗಿಟ್ಟಳು.

"ಕೌದಿ ಹಸದಿರಬಾರ್ದವಾ. ಅದರ ಹೊಟ್ಟಿ ತುಂಬಿದ್ರ ಹೊತ್ಕೊಂಡವರ ಹೊಟ್ಟೀನೂ ತುಂಬಿರತೈತಿ."

ಊರಿಗೆ ಹೋಗಿ ಎರಡನೇ ವರ್ಷಕ್ಕೆ ಮಲ್ಲವ್ವ ತೀರಿಕೊಂಡಳು. ಇಲ್ಲಿ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ಇನ್ನೂ ಕೂತಿತ್ತು. ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನೀಲಾಂಬಿಕಾ ಹೋಗಲಿಲ್ಲ. ಮಣ್ಣಿಗೆ ಒಯ್ಯುವ ಸದ್ದನ್ನು ಫೋನಿನಲ್ಲೇ ಕೇಳಿದಳು. ಅಂದಿನಿಂದ ಅವ್ವ ಅಂದರೆ ಅವಳಿಗೆ ಈ ಕೌದಿಯೇ.

"ಕೌದಿ ಹಾಕಿದೇನ ಚೀಲದಾಗ?" ಗುರುದತ್ತ ಕೇಳಿದ.

"ಹಾಕೀನ್ರಿ."

ಹಾಕಿರಲಿಲ್ಲ. ಹಳೇ ಚಾದರದಲ್ಲಿ ಸುತ್ತಿ ಗ್ಯಾರೇಜಿನಲ್ಲಿ, ಪೇಂಟಿನ ಡಬ್ಬಿಗಳ ಹಿಂದೆ ಇಟ್ಟಿದ್ದಳು. ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ದುಡಿಯುವವಳು ಅವಳು. ರಕ್ತ, ವಾಂತಿ, ಏನೇನು ತೊಳೆದಿಲ್ಲ? ಇದನ್ನೊಂದು ತೊಳೆಯಲಾರೆನೇ ಅಂತ. ಆದರೂ ಊಟದ ಬಿಡುವಿನಲ್ಲಿ ಕೌನ್ಸಿಲ್ಲಿಗೆ ಫೋನ್ ಮಾಡಿ ಕೇಳಿದಳು. ಆ ಕಡೆಯ ಹೆಂಗಸು ಮೆತ್ತಗೇ ಹೇಳಿದಳು: ತೊಳೆಯಬೇಡ, ಎಳೆಗಳು ಮೆಷಿನ್ನಿಗಿಳಿದು ಮುಂದಿನ ಬಟ್ಟೆಗೂ ಹತ್ತುತ್ತವೆ. ಕೇಳಿಸಿಕೊಂಡಳು. ಆದರೂ ಕೌದಿಯನ್ನು ಹೊರಗೆ ತೆಗೆಯಲಿಲ್ಲ.

ಶುಕ್ರವಾರ ಕೆಲಸದಿಂದ ಬಂದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ನೆಲದ ಮೇಲೆ ಚಿನ್ಮಯಿ ಮೂಗಿನವರೆಗೂ ಕೌದಿ ಹೊದ್ದು ಮಲಗಿದ್ದಳು.

"ಮಮ್ಮಿ, ಐ ಫೌಂಡ್ ಇಟ್! ಯು ಫರ್ಗಾಟ್ ಇಟ್ ಹಿಯರ್."

ನೀಲಾಂಬಿಕಾ ಕೌದಿ ಕಿತ್ತೆಸೆದಳು. ಮಗು ಹೆದರಿ ಅತ್ತಿತು. ಅಳುತ್ತಿದ್ದವಳನ್ನೇ ಎಳೆದೊಯ್ದು ಶವರಿನ ಕೆಳಗೆ ನಿಲ್ಲಿಸಿ, ತಲೆ, ಕಿವಿ, ಮೂಗು ತೊಳೆದಳು, ಮತ್ತೆ ತೊಳೆದಳು. ಮಗು "ಸಾರಿ ಮಮ್ಮಿ, ಸಾರಿ" ಅನ್ನುತ್ತಲೇ ಇತ್ತು. ಒಳಗೆ ಹೋದ ಉಸಿರನ್ನು ತೊಳೆಯುವುದು ಹೇಗೆಂದು ಯಾವ ಲಾಂಡ್ರಿಯಲ್ಲೂ ಕಲಿಸಿರಲಿಲ್ಲ.

ಗುರುದತ್ತ ಬಾಗಿಲಲ್ಲಿ ನಿಂತಿದ್ದ. "ನನಗ ಹೇಳಬೇಕಿತ್ತು ನೀಲಾ."

"ಹೇಳಿದ್ರ ಒಯ್ದು ಒಗೀತಿದ್ರಿ."

"ಹೌದು, ಒಗೀತಿದ್ದೆ," ಎಂದು ಅವನು ಮಗಳಿಗೆ ಟವೆಲ್ ಸುತ್ತಿದ.

ಶನಿವಾರ ಬೆಳಗ್ಗೆ ಎದ್ದವಳೇ ಜೋಳದ ಹಿಟ್ಟು ನಾದಿ ಒಂದು ರೊಟ್ಟಿ ಬಡಿದಳು. ಮಾಸ್ಕ್ ಕಟ್ಟಿ, ಗ್ಲೌಸ್ ಹಾಕಿ, ಕೌದಿಯನ್ನು ಮಡಿಸುವಾಗ ಆ ಕೊನೆಯ ಮೂಲೆಯನ್ನು ಬೆರಳಿನಿಂದ ಹುಡುಕಿದಳು. ಚೂರು ಎಂದೋ ಪುಡಿಯಾಗಿತ್ತು. ಬಿಸಿ ರೊಟ್ಟಿಯನ್ನು ಕೌದಿಯ ಮಡಿಕೆಯೊಳಗಿಟ್ಟು ಪ್ಲಾಸ್ಟಿಕ್ ಸುತ್ತಿ, ಮತ್ತೊಂದು ಸುತ್ತಿ, ಟೇಪ್ ಹಚ್ಚಿದಳು. ಒಳಗಡೆ ಹಬೆ ಕಟ್ಟಿತು.

ಟಿಪ್ಪಿನ ಗೇಟಿನವನು ಟ್ರೇಲರಿನ ಗಂಟುಗಳನ್ನು ನೋಡಿ, ಮಾಫಿ ಇರುವುದು ಇಂಥ ಸಾಮಾನಿಗೆ ಮಾತ್ರ, ಮನೆಯ ಬೇರೆ ಕಸ, ತಿಂಡಿ ತಿನಿಸು ಏನಾದರೂ ಸೇರಿದೆಯಾ ಎಂದು ಕೇಳಿದ. ಗುರುದತ್ತ ಹೆಂಡತಿಯ ಮುಖ ನೋಡಿದ.

"ಇಲ್ಲ," ಎಂದಳು ಅವಳು.

"ಹಾಗಾದರೆ ಏನೂ ಕೊಡಬೇಕಿಲ್ಲ," ಎಂದು ಅವನು ನಗುತ್ತ ಕೈ ಬೀಸಿದ. ಗುರುದತ್ತ ಥ್ಯಾಂಕ್ಸ್ ಹೇಳಿದ. ಅವಳಿಂದ ಆಗಲಿಲ್ಲ. ಒಂದಿಷ್ಟು ದುಡ್ಡನ್ನಾದರೂ ಕೇಳಿದ್ದರೆ, ಅವ್ವನ ಮಣ್ಣಿಗೆ ತಾನೂ ಏನೋ ಖರ್ಚು ಮಾಡಿದೆ ಅಂದುಕೊಳ್ಳಬಹುದಿತ್ತು.

ಗಂಟು ಗುಂಡಿಗೆ ಇಳಿಯಿತು. ಹಳದಿ ಯಂತ್ರವೊಂದು ಬಂದು ಮಣ್ಣು ದೂಡಿತು. ನೀಲಾಂಬಿಕಾ ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ಅದರ ಮೇಲೆ ಹಾಕಿ ಬಂದಳು.

ಕಾರು ತಿರುಗಿ ರಸ್ತೆಗೆ ಬಂದಾಗ ಹಿಂದಿನ ಸೀಟಿನಿಂದ ಚಿನ್ಮಯಿ ಅಂಜುತ್ತಂಜುತ್ತ ಹೇಳಿದಳು. "ಮಮ್ಮಿ, ಐಮ್ ಹಂಗ್ರಿ."

ಮಾಡಿದ್ದು ಒಂದೇ ರೊಟ್ಟಿ.

"ಮನೀಗ್ ಹೋದಕೂಡ್ಲೆ ಬಡೀತೀನಿ ತಡಿಯವಾ," ಎಂದಳು. ಉಗುರಿನ ಸಂದಿಯಲ್ಲಿ ಬೆಳಗಿನ ಹಿಟ್ಟು ಇನ್ನೂ ಒಣಗಿ ಕೂತಿತ್ತು.