ಲಗಮಪ್ಪನ ಕುಣಿತಕ್ಕೆ ಸಾಲದ ಪವರ್ ಸಪ್ಲೈ

ರಾಮದುರ್ಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಮೆಹೆರಾಜ ತನ್ನ ಹಳೆಯ ಕಂಪ್ಯೂಟರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಳು. ತಮ್ಮ ಮಗಳ ಮದುವೆಯ ವಿಡಿಯೋ ನೋಡಲು ಸುರೇಬಾನದ ಲಗಮಪ್ಪ, ಅವನ ಹೆಂಡತಿ ಸುಂದರವ್ವ ಬಂದಿದ್ದರು. ಲಗಮಪ್ಪನ ಕುಣಿತಕ್ಕೆ ಮೆಹೆರಾಜ ಕಿಡಿ, ಹೊಗೆ, ಹೂಮಳೆ ಎಲ್ಲ ಸೇರಿಸಿದ್ದಳು. ಅದು ಶುರುವಾದದ್ದೇ ತಡ, ಕಂಪ್ಯೂಟರು ಗಪ್ಪನೆ ಬಂದಾಯಿತು. ಮತ್ತೆ ಹಚ್ಚಿದರೂ ಅಲ್ಲಿಗೇ ಬಂದು ಆರಿತು.

ಲಗಮಪ್ಪನ ಮುಖ ಬಾಡಿತು. "ನಾ ಅಷ್ಟು ಕೆಟ್ಟ ಕುಣದೇನೇನ ತಂಗಿ?"

"ಹಂಗಲ್ರಿ ಕಾಕಾ, ಕಿಡಿ, ಹೊಗೆ ತೋರ್ಸೂವಾಗ ಹೊಸಾ ಕಾರ್ಡು ಭಾಳ ಕರೆಂಟ್ ತಿಂತೈತಿ. ಹಳೇ ಪವರ್ ಸಪ್ಲೈ ಸಾಲವಲ್ದು."

ಅವನು ನಂಬಲಿಲ್ಲ. ಮೆಹೆರಾಜ ಎದುರಿನ ಅಂಗಡಿಗೆ ಓಡಿ, ಹೆಚ್ಚು ವಾಟ್ಸಿನ ಪವರ್ ಸಪ್ಲೈ ತಂದು ಜೋಡಿಸಿದಳು.

ಕುಣಿತ ಕಡೆತನಕ ಓಡಿತು. ಲಗಮಪ್ಪ ಮೀಸೆ ತಿರುವಿದ. ಸುಂದರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇದೊಂದ ತುಂಡು ಕತ್ತರಿಸಿ ಬಿಡ ನಮ್ಮವ್ವಾ, ಬೀಗರು ನೋಡ್ಯಾರು!"